ಜಾಹೀರಾತಿಗಿಂತ ಮೊದಲು ಹಳೆಯ ಗ್ರಾಹಕರ ಪಟ್ಟಿ

ಪ್ರಶ್ನೆ: ಹಾಸನದಲ್ಲಿ ಯುಪಿಎಸ್, ಬ್ಯಾಟರಿ ಮಾರಾಟ ಮತ್ತು ಸರ್ವಿಸ್ ಅಂಗಡಿ ನಡೆಸುತ್ತಿದ್ದೇನೆ. ಒಮ್ಮೆ ಬ್ಯಾಟರಿ ಕೊಂಡವರು ಅದನ್ನು ಬದಲಿಸುವಾಗ ಬೇರೆ ಅಂಗಡಿಗೆ ಹೋಗುತ್ತಾರೆ. ಫೇಸ್‌ಬುಕ್ ಜಾಹೀರಾತು ನೋಡಿಕೊಳ್ಳಲು ಏಜೆನ್ಸಿಯೊಂದು ತಿಂಗಳ ಶುಲ್ಕ ಕೇಳುತ್ತಿದೆ. ಒಪ್ಪಿಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಜಾಹೀರಾತು ಹೊಸಬರನ್ನು ಕರೆತರಬಹುದು, ಆದರೆ ನಿಮ್ಮ ಕೈತಪ್ಪುತ್ತಿರುವವರು ಹಳಬರು. ಬ್ಯಾಟರಿ ಮಾರಿದ ಮೇಲೆ ವರ್ಷಗಟ್ಟಲೆ ನೀವು ಅವರತ್ತ ಸುಳಿಯದಿದ್ದರೆ ಅಂಗಡಿಯ ಹೆಸರು ನೆನಪಿರುವುದಾದರೂ ಹೇಗೆ? ‘ರಿಲೇಶನ್‌ಶಿಪ್ ಮಾರ್ಕೆಟಿಂಗ್’ ಎಂಬ ಮಾತನ್ನು 1983ರಲ್ಲಿ ಬಳಕೆಗೆ ತಂದ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಲಿಯೊನಾರ್ಡ್ ಬೆರ್ರಿ ಸೇವಾ ವ್ಯವಹಾರಗಳಿಗೆ ಒತ್ತಿ ಹೇಳಿದ್ದೂ ಇದನ್ನೇ: ಗ್ರಾಹಕರನ್ನು ಸೆಳೆದರೆ ಸಾಲದು, ಉಳಿಸಿಕೊಳ್ಳಬೇಕು.

ಅದಕ್ಕೆ ದಾರಿ ನಿಮ್ಮ ಕಸುಬಿನಲ್ಲೇ ಇದೆ. ಮನೆಯ ಯುಪಿಎಸ್‌ಗೆ ಹಾಕುವ, ಆಗಾಗ ನೀರು ತುಂಬಬೇಕಾದ ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಅನಿಲವಾಗಿ ಹೊರಹೋಗುತ್ತದೆ. ಕೆಲವು ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕದಿದ್ದರೆ ಪ್ಲೇಟುಗಳು ಒಣಗಿ ಬ್ಯಾಟರಿ ಬೇಗ ಕೈಕೊಡುತ್ತದೆ, ಬೈಗುಳ ಮಾತ್ರ ಮಾರಿದವರಿಗೆ. ಮನೆಯವರು ಮರೆಯುವ ಈ ಕೆಲಸವನ್ನು ನೀವು ನೆನಪಿಟ್ಟುಕೊಳ್ಳಿ. ಗ್ರಾಹಕರ ಹೆಸರು, ಫೋನ್, ಬ್ಯಾಟರಿ ಹಾಕಿದ ದಿನ, ಕೊನೆಯ ಸಲ ನೀರು ಹಾಕಿದ ದಿನ, ಇಷ್ಟು ಒಂದು ಪುಸ್ತಕದಲ್ಲಿರಲಿ. ಸಮಯ ಬಂದಾಗ ನೀವೇ ಫೋನ್ ಮಾಡಿ.

ಸೇವೆ ಕಪಾಟಿನಲ್ಲಿಟ್ಟು ತೋರಿಸುವ ಸರಕಲ್ಲ, ಆದ್ದರಿಂದ ಮಾಡಿದ್ದು ಕಣ್ಣಿಗೆ ಕಾಣಬೇಕು. ನೀರಿನ ಮಟ್ಟ ತೋರಿಸುವ ಫ್ಲೋಟ್ ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂದು ಮನೆಯವರನ್ನೇ ಕರೆದು ತೋರಿಸಿ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿ, ದಿನಾಂಕ ಬರೆದ ಚೀಟಿಯನ್ನು ಯುಪಿಎಸ್ ಮೇಲೆ ಅಂಟಿಸಿ ಬನ್ನಿ. ಅದಕ್ಕೆ ಮಿತವಾದ ಶುಲ್ಕ ಕೇಳಲು ಸಂಕೋಚ ಬೇಡ. ಪುಕ್ಕಟೆ ಕೆಲಸದಲ್ಲಿ ಹುಡುಗರ ಶ್ರದ್ಧೆ ಕಡಿಮೆಯಾಗುತ್ತದೆ, ಗ್ರಾಹಕರಿಗೂ ಅದರ ಬೆಲೆ ತಿಳಿಯುವುದಿಲ್ಲ.

ಇನ್ನೊಂದು ಮಾತನ್ನು ಅತ್ಯಂತ ಕಳಕಳಿಯಿಂದ ಹೇಳುತ್ತೇನೆ. ಇನ್ನೂ ವರ್ಷ ಬಾಳುವ ಬ್ಯಾಟರಿಯನ್ನು ‘ಹೋಗಿದೆ’ ಎಂದು ಬದಲಿಸಬೇಡಿ. ‘ಈಗ ಬೇಡ, ಮುಂದಿನ ಬೇಸಿಗೆಗೆ ನೋಡೋಣ’ ಎಂದವರನ್ನು ಜನ ನಂಬುತ್ತಾರೆ, ಅಕ್ಕಪಕ್ಕದವರಿಗೂ ಹೇಳುತ್ತಾರೆ. ಆ ಒಂದು ಮಾರಾಟ ಹೋದರೂ ಚಿಂತೆಯಿಲ್ಲ.

ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುವುದಾದರೆ ಬಿಲ್ ಮಾಡುವಾಗಲೇ ಒಪ್ಪಿಗೆ ಕೇಳಿ. ವಾರಕ್ಕೊಂದು ಆಫರ್ ಕಳುಹಿಸಿದರೆ ನಂಬರ್ ಬ್ಲಾಕ್ ಆಗುತ್ತದೆ. ಬೇಸಿಗೆಯ ವಿದ್ಯುತ್ ಕಡಿತ ಶುರುವಾಗುವ ಮೊದಲು, ಫೆಬ್ರುವರಿಯಲ್ಲಿ, ಹಳೆಯ ಬ್ಯಾಟರಿ ಇರುವವರಿಗೆ ಮೊದಲ ಕರೆ ಹೋಗಲಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಫೋನ್, ತೆರೆದಿರುವ ವೇಳೆಯನ್ನು ಸರಿಯಾಗಿ ದಾಖಲಿಸಿ, ಅದು ಉಚಿತ. ವರ್ಷದ ನಂತರವೂ ಹುಡುಗರ ಕೈಗೆ ಸಾಕಷ್ಟು ಕೆಲಸವಿಲ್ಲ ಎನಿಸಿದರೆ ಆಗ ಏಜೆನ್ಸಿಯವರನ್ನು ಕರೆಸಿ ಮಾತಾಡಿ.