ಸ್ವಂತ ಐಡಿಯಲ್ಲಿ ರೈಲ್ವೆ ಟಿಕೆಟ್ ಮಾಡಿಕೊಡಬಹುದಾ?

ಉಡುಪಿಯ ಮನೆಯಿಂದಲೇ ಸ್ವಂತ ಐಆರ್‌ಸಿಟಿಸಿ ಐಡಿಯಲ್ಲಿ ಟಿಕೆಟ್ ಮಾಡಿಕೊಟ್ಟು 50 ರೂಪಾಯಿ ತೆಗೆದುಕೊಂಡರೆ ತಪ್ಪಾ ಅಂತ ಕೇಳಿದ್ದೀರಿ. ತಪ್ಪೇ. 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ನೋಡಿ: ಅನುಮತಿ ಇಲ್ಲದೆ ಟಿಕೆಟ್ ವ್ಯಾಪಾರ ಮಾಡಿದರೆ 3 ವರ್ಷದವರೆಗೆ ಜೈಲು, 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲಿಗೆ ಸೀಟು ಸಿಗದ ದಿನಗಳಲ್ಲಿ ಆಸೆ ಆಗುತ್ತದೆ, ಗೊತ್ತು. ಆದರೂ ಅಧಿಕೃತ ಏಜೆಂಟ್ ಐಡಿ ಮಾಡಿಸಿಕೊಂಡೇ ಶುರು ಮಾಡಿ.

ಬಸ್, ಹೋಟೆಲ್ ಬುಕಿಂಗ್‌ಗೆ ಇಷ್ಟು ಬಿಗಿ ಇಲ್ಲ. ಆದರೆ ದುಡ್ಡು ತೆಗೆದುಕೊಂಡವರು ನೀವಲ್ವಾ, ಗ್ರಾಹಕರ ಆಯೋಗಕ್ಕೆ ದೂರು ಹೋದರೆ ನಿಮ್ಮ ಹೆಸರೂ ಸೇರಬಹುದು. ಕ್ಯಾನ್ಸಲ್ ಮಾಡುವ ಷರತ್ತುಗಳನ್ನು ವಾಟ್ಸ್ಆ್ಯಪ್‌ನಲ್ಲಾದರೂ ಮೊದಲೇ ಕಳಿಸಿ, ರಸೀದಿ ಕೊಡಿ.

ಇನ್ನೊಂದು. ನಮ್ಮ ಕಡೆ ದುಬೈಯಲ್ಲಿ ಕೆಲಸ ಕೊಡಿಸ್ತೀರಾ ಅಂತ ಕೇಳುವವರು ಜಾಸ್ತಿ. ಅದಕ್ಕೆ 1983ರ ಎಮಿಗ್ರೇಷನ್ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಸುಮ್ನೆ ಒಪ್ಪಿಕೊಳ್ಳಬೇಡಿ.