ಕಾಸರಗೋಡಿನಲ್ಲಿ ಹಳೇ ಕಾಲ ಎಲ್ಲಿ ಸಿಗ್ತದೆ ಅಂತ ಕೇಳಿದವರಿಗೆ

ನಿಮ್ಮ ಊರಿಗೆ ಬರ್ತೇನೆ, ನೂರು ವರ್ಷ ಹಿಂದೆ ಹೋದ ಹಾಗೆ ಅನಿಸುವ ಜಾಗ ಎಂತಾದ್ರೂ ಉಂಟಾ ಅಂತ ಕೇಳಿದ್ರಲ್ಲ. ಯಾರ ಹತ್ರ ಕೇಳಿದ್ರೂ ಮೊದ್ಲು ಬೇಕಲ ಕೋಟೆ ಅಂತಲೇ ಹೇಳ್ತಾರೆ. ಹೋಗ್ಬೇಡಿ ಅಂತ ನಾನು ಹೇಳುದಿಲ್ಲ, ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 1650ರ ಸುಮಾರಿಗೆ ಕಟ್ಟಿದ್ದು, ಬುಡಕ್ಕೇ ಸಮುದ್ರ ಬಂದು ಬಡೀತದೆ, ಸಂಜೆ ಹೊತ್ತಿಗೆ ಭಾರೀ ಚಂದ. ಆದ್ರೆ ಟಿಕೆಟ್ ತಗೊಂಡು ಒಳಗೆ ಹೋಗಿ ನೂರಾರು ಜನ ಸೆಲ್ಫಿ ತೆಗೆಯುವ ಮಧ್ಯೆ ನಿಂತ್ರೆ ನನಗಂತೂ ಯಾವ ಕಾಲವೂ ಹತ್ತಿರ ಬರುದಿಲ್ಲ. ನಿಜವಾಗಿ ಮೈ ಜುಂ ಅನ್ನುವ ಹಾಗೆ ಹಿಂದಕ್ಕೆ ಹೋದ ಅನುಭವ ಆದದ್ದು ಬೇರೆ ಕಡೆ, ಅದನ್ನು ಹೇಳ್ತೇನೆ.

ಅದಕ್ಕೆ ಮೊದ್ಲು ಒಂದು ವಿಷಯ ಗೊತ್ತಿರ್ಬೇಕು. ನಮ್ಮ ಹಿರಿಯರು ಹಳೇ ಕಾಲ ಅಂತ ಗೆರೆ ಎಳೆಯುವುದು 1947ಕ್ಕೆ ಅಲ್ಲ, 1956ರ ನವೆಂಬರ್ 1ಕ್ಕೆ. ನಿಮಗೆಲ್ಲ ಅದು ರಾಜ್ಯೋತ್ಸವ, ನಮಗೆ ಕೇರಳಕ್ಕೆ ಸೇರಿದ ದಿನ. ಅದಕ್ಕಿಂತ ಮುಂಚೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಜಿಲ್ಲೆಯ ದೊಡ್ಡ ಕೆಲಸಕ್ಕೆಲ್ಲ ಮಂಗಳೂರಿಗೇ ಹೋಗ್ಬೇಕಿತ್ತು, ಊರಿಗೊಬ್ಬ ಪಟೇಲ, ಲೆಕ್ಕ ಬರೀಲಿಕ್ಕೆ ಶ್ಯಾನುಭಾಗ, ಕರೆ ಹೇಳ್ಲಿಕ್ಕೆ ಉಗ್ರಾಣಿ, ಲೆಕ್ಕಪತ್ರ ಎಲ್ಲ ಕನ್ನಡದಲ್ಲಿ. 1967ರಲ್ಲಿ ಗಡಿ ತಕರಾರು ನೋಡ್ಲಿಕ್ಕೆ ಮಾಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಹೇಳಿತು, ಅದು ಆಗ್ಲಿಲ್ಲ, 1984ರಲ್ಲಿ ಕೇರಳದಲ್ಲೇ ಪ್ರತ್ಯೇಕ ಜಿಲ್ಲೆ ಆಯ್ತು. ಈಗಲೂ ಅಜ್ಜಂದಿರು ಮಾತಾಡುವಾಗ "ಅದು ಮದ್ರಾಸ್ ಇರುವಾಗ ಆದದ್ದು" ಅಂತ ಹೇಳ್ತಾರೆ, ಆ ಮಾತು ಕೇಳಿದ್ರೆ ಸಾಕು ಯಾವ ಕಾಲದ ಕತೆ ಅಂತ ಗೊತ್ತಾಗ್ತದೆ.

ಆ ಕಾಲ ನನಗೆ ಕೈಗೆ ಸಿಕ್ಕಿದ್ದು ಒಂದು ಕಾಗದದಲ್ಲಿ. ಚಿಕ್ಕಪ್ಪನ ತೋಟದ ಗಡಿ ವಿಷಯಕ್ಕೆ ಹಳೇ ದಸ್ತಾವೇಜು ಬೇಕಾಯ್ತು. ಮನೆಯ ಮರದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟ ಒಂದು ಕಟ್ಟು ಇತ್ತು, ಬಿಡಿಸಿದ್ರೆ ದಪ್ಪ ಕಾಗದ, ಮೇಲೆ ಇಂಗ್ಲೆಂಡಿನ ರಾಜನ ತಲೆ ಇರುವ ಛಾಪಾ, ಕೆಳಗೆ ಪೂರಾ ಕನ್ನಡ. ಆದ್ರೆ ಎಂಥ ಕನ್ನಡ ಅಂದ್ರೆ, ಪದ ಪದಕ್ಕೆ ಮಧ್ಯೆ ಜಾಗವೇ ಇಲ್ಲ, ಕೈ ಎತ್ತದೆ ಎಳ್ಕೊಂಡು ಹೋದ ಅಕ್ಷರ, ಎಲ್ಲಿ ವಾಕ್ಯ ಶುರು ಎಲ್ಲಿ ಮುಗಿತದೆ ಒಂದೂ ಇಲ್ಲ. ನಾನು ಕನ್ನಡ ಮೀಡಿಯಂನಲ್ಲೇ ಕಲಿತವ, ಒಂದು ಸಾಲು ಓದ್ಲಿಕ್ಕೆ ಆಗ್ಲಿಲ್ಲ. ಅದನ್ನು ಹಿಡ್ಕೊಂಡು ಸರ್ಕಾರಿ ಆಫೀಸಿಗೆ ಹೋದ್ರೆ ಅಲ್ಲಿ ಕೂತ ಹುಡುಗ ಕೇರಳದ ತೆಂಕು, ಅಂದ್ರೆ ದಕ್ಷಿಣದ ಜಿಲ್ಲೆಯಿಂದ ಟ್ರಾನ್ಸ್‌ಫರ್ ಆಗಿ ಬಂದವ, ಒಳ್ಳೆ ಹುಡುಗ, ಆದ್ರೆ ಅವನಿಗೆ ಕನ್ನಡವೇ ಗೊತ್ತಿಲ್ಲ, ಯಾರಾದ್ರೂ ಓದಿ ಹೇಳಿದ್ರೆ ನಾನು ಮುಂದಿನ ಕೆಲಸ ಮಾಡಿ ಕೊಡ್ತೇನೆ ಅಂದ. ಹಾಗೆ ನಾವು ನಮ್ಮ ಊರಿನ ಒಬ್ರು ರಿಟೈರ್ಡ್ ಮಾಷ್ಟ್ರ ಮನೆಗೆ ಹೋದದ್ದು.

ಅವರು ಜಗಲಿಯಲ್ಲಿ ಕೂತು ಕನ್ನಡಕ ಹಾಕ್ಕೊಂಡು ಮೊದ್ಲು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು, ಆಮೇಲೆ ಓದ್ಲಿಕ್ಕೆ ಶುರು ಮಾಡಿದ್ರು ನೋಡಿ, ಭಾಗವತರ ಹಾಗೆ ಒಂದೇ ಲಯದಲ್ಲಿ. ಸದ್ರಿ ಸ್ಥಳಕ್ಕೆ ಮೂಡು (ಪೂರ್ವಕ್ಕೆ) ತೋಡು ಅಂದ್ರೆ ಸಣ್ಣ ಹೊಳೆ, ತೆಂಕು ಅಗಳು ಅಂದ್ರೆ ಗಡಿಗೆ ತೋಡಿದ ಕಂದಕ, ಪಡು (ಪಶ್ಚಿಮಕ್ಕೆ) ಮಾವಿನ ಮರ ಇರುವ ಕಟ್ಟಪುಣಿ ಅಂದ್ರೆ ಗದ್ದೆಯ ದೊಡ್ಡ ಬದು, ಬಡಗು (ಉತ್ತರಕ್ಕೆ) ಗುಡ್ಡೆಗೆ ಹೋಗುವ ದಾರಿ. ಗೇಣಿ ದುಡ್ಡಿನಲ್ಲಿ ಅಲ್ಲ, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ. ಒಂದು ಮುಡಿ ಅಂದ್ರೆ 3 ಕಳಸೆ, 42 ಸೇರು, ಬೈಹುಲ್ಲಿನಲ್ಲಿ ಗುಂಡಗೆ ಬಿಗಿದು ಕಟ್ಟಿಡುವ ಅಕ್ಕಿ, ನೀವು ಬಯಲುಸೀಮೆಯವರು ನೋಡಿರ್ಲಿಕ್ಕಿಲ್ಲ. ಮತ್ತೆ ಕುಮ್ಕಿ ಹಕ್ಕು, ಅಂದ್ರೆ ವರ್ಗ (ಪಟ್ಟಾ) ಜಾಗದ ಸುತ್ತ 100 ಗಜದ ಒಳಗಿನ ಸರ್ಕಾರಿ ಗುಡ್ಡೆಯಿಂದ ಸೊಪ್ಪು ಸೌದೆ ತೆಗೀಲಿಕ್ಕೆ ಇದ್ದ ಹಕ್ಕು, ಅದೂ ಬರೆದಿತ್ತು. ಕಡೆಗೆ ದುಡ್ಡಿನ ಲೆಕ್ಕ ರೂಪಾಯಿ ಆಣೆ ಪೈಯಲ್ಲಿ.

ಓದಿ ಮುಗಿಸಿ ಮಾಷ್ಟ್ರು, ಹೋಗಿ ನೋಡುವ, ತೋಡು ಎಲ್ಲಿಗೂ ಹೋಗಿರ್ಲಿಕ್ಕಿಲ್ಲ ಅಂದ್ರು. ಅವರನ್ನೂ ಕರ್ಕೊಂಡು ತೋಟಕ್ಕೆ ಹೋದೆವು. ಮಾವಿನ ಮರ ಇಲ್ಲ, ಗುಡ್ಡೆಗೆ ಹೋಗುವ ದಾರಿ ಈಗ ಡಾಮರು ರಸ್ತೆ, ಆದ್ರೆ ಅಗಳು ಉಂಟು, ಅರ್ಧ ಮುಚ್ಚಿ ಹೋಗಿ ಜರಿಗಿಡ ಬೆಳೆದು, ಚಿಕ್ಕಪ್ಪ ಇಷ್ಟು ವರ್ಷ ಅದನ್ನು ನೀರು ಹೋಗುವ ಕಣಿ ಅಂತಲೇ ಅಂದ್ಕೊಂಡಿದ್ದದ್ದು. ಮಾಷ್ಟ್ರು ಕಾಗದ ಹಿಡ್ಕೊಂಡು ಮೂಡಕ್ಕೆ ಮುಖ ಮಾಡಿ ನಿಂತು ಮತ್ತೊಮ್ಮೆ ಓದಿದ್ರು. ನಾನು ಹುಟ್ಟಿ ಬೆಳೆದ ಜಾಗ ಮಾರಾಯ್ರೆ, ಆದ್ರೆ ಆ ಒಂದು ಕ್ಷಣ ಅದು ನಮ್ಮ ತೋಟ ಆಗಿರ್ಲಿಲ್ಲ, ಮರ ಇತ್ತು, ಅಕ್ಕಿ ಮುಡಿ ಹೊತ್ತು ಕಟ್ಟಪುಣಿಯಲ್ಲಿ ಯಾರೋ ನಡ್ಕೊಂಡು ಹೋಗ್ತಾ ಇದ್ರು. ನೀವು ಕೇಳಿದ್ದು ಇಂಥದ್ದೇ ಅಲ್ವಾ.

ಆ ಗೇಣಿ ಪದ್ಧತಿ ಕೇರಳದಲ್ಲಿ 1970ರ ಜನವರಿ 1ರಿಂದ ಇಲ್ಲ, ಉಳುವವನಿಗೇ ಜಾಗ ಆಯ್ತು, ಆದದ್ದು ಒಳ್ಳೇದೇ, ಎಷ್ಟೋ ಬಡವರ ಮನೆ ಎದ್ದು ನಿಂತದ್ದು ಅದ್ರಿಂದ. ಅದರದ್ದೇ ಇನ್ನೊಂದು ತುದಿ ನಮ್ಮ ಎಡನೀರು ಮಠ. ಮಠದ ಜಾಗದ ವಿಷಯಕ್ಕೆ ಕೇಶವಾನಂದ ಭಾರತಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದ್ರು, 13 ಜನ ಜಡ್ಜ್ ಕೂತು 1973ರ ಏಪ್ರಿಲ್ 24ಕ್ಕೆ ತೀರ್ಪು ಕೊಟ್ರು, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟಿಗೂ ಬದಲು ಮಾಡ್ಲಿಕ್ಕಾಗುದಿಲ್ಲ ಅಂತ. ಇಡೀ ದೇಶದ ಲಾ ಕಾಲೇಜಿನಲ್ಲಿ ಅದನ್ನು ಕಲಿಸ್ತಾರೆ, ಆ ಮಠ ಇರುವುದು ನಮ್ಮ ಅಡಕೆ ತೋಟಗಳ ಮಧ್ಯೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವಾಮಿಗಳು 2020ರಲ್ಲಿ ತೀರಿಹೋದ್ರು. ಅವರಿಗೆ ಯಕ್ಷಗಾನ ಅಂದ್ರೆ ಪ್ರಾಣ.

ಹಳೇ ಕಾಲ ಸಿಗುವ ಇನ್ನೊಂದು ಜಾಗ ಅಂದ್ರೆ ಸುರಂಗ. ಪೆರ್ಲ, ಪಡ್ರೆ, ಬಾಯಾರು, ಶೇಣಿ ಆ ಕಡೆಗೆ ಹೋದ್ರೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಬಾವಿಗಳುಂಟು, ಅದನ್ನೇ ನಾವು ಸುರಂಗ ಅನ್ನುದು. ಒಬ್ಬ ನಡ್ಕೊಂಡು ಹೋಗುವಷ್ಟು ಅಗಲ, ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲು) ಪಿಕ್ಕಾಸಿನಲ್ಲಿ ಕಡಿದು ಕಡಿದು ಒಳಗೆ ಹೋಗುದು, ಒಬ್ಬ ಕಡಿತಾನೆ, ಮತ್ತೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕ್ತಾನೆ, ಜೊತೆಗೆ ಒಂದು ದೀಪ, ಅದು ಮಂಕಾದ್ರೆ ಗಾಳಿ ಸಾಲುದಿಲ್ಲ ಅಂತ ಲೆಕ್ಕ, ಕೂಡ್ಲೇ ಹೊರಗೆ ಬರ್ಬೇಕು. ಭಾರೀ ಉದ್ದ ಆದ್ರೆ ಮೇಲಿಂದ ಗಾಳಿಗೆ ಒಂದು ತೂತು ಕೊರೀತಾರೆ. ನೀರಿನ ಒರತೆ ಸಿಕ್ಕಿದ ಮೇಲೆ ಕೆಲಸ ಮುಗೀತು, ನೆಲಕ್ಕೆ ಹೊರಗಡೆಗೆ ಸ್ವಲ್ಪ ಇಳಿಜಾರು ಇರ್ತದಲ್ಲ, ನೀರು ತನ್ನಷ್ಟಕ್ಕೆ ಹರ್ಕೊಂಡು ಬಂದು ಬಾಯಿಯ ಹತ್ರ ಇರುವ ಮಣ್ಣಿನ ಕೆರೆಗೆ ಬೀಳ್ತದೆ, ಅಲ್ಲಿಂದ ತೋಟಕ್ಕೆ. ಪಂಪು ಬೇಡ, ಕರೆಂಟು ಬೇಡ, ಹಗ್ಗ ಕೊಡಪಾನವೂ ಬೇಡ. ಮೊದ್ಲು ಅಡಕೆ ಮರವನ್ನು ಸೀಳಿ ದಂಬೆ, ಅಂದ್ರೆ ನೀರು ಹರಿಯುವ ದೋಣಿ ಮಾಡಿ ಮನೆ ಅಂಗಳಕ್ಕೇ ನೀರು ತರ್ತಿದ್ರು, ಈಗ ಪಿವಿಸಿ ಪೈಪು ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ಒಳಗೆ ಹೋದ್ರೆ ಬಾಯಿಯ ಬೆಳಕು ಬೇಗ ಸಣ್ಣ ಆಗ್ತಾ ಹೋಗ್ತದೆ, ಕಾಲಿಗೆ ತಣ್ಣಗಿನ ನೀರು, ಗೋಡೆಗೆ ಟಾರ್ಚ್ ಹಿಡಿದ್ರೆ ಪಿಕ್ಕಾಸಿನ ಒಂದೊಂದು ಪೆಟ್ಟಿನ ಗುರುತು ಹಾಗೇ ಉಂಟು. ಕಡಿದವನ ಕೈ ಎಷ್ಟು ಎತ್ತರಕ್ಕೆ ಹೋಗ್ತಿತ್ತು, ಎಲ್ಲಿ ಗಟ್ಟಿ ಕಲ್ಲು ಸಿಕ್ಕಿ ಬಲಕ್ಕೆ ತಿರುಗಿದ, ಎಲ್ಲ ಗೊತ್ತಾಗ್ತದೆ. ಅವನ ಹೆಸರು ಯಾವ ಕಾಗದದಲ್ಲೂ ಇರ್ಲಿಕ್ಕಿಲ್ಲ, ಅದು ನನಗೆ ನಿಜಕ್ಕೂ ಬೇಸರ ಆಗುವ ವಿಷಯ, ಗೇಣಿ ಕೊಟ್ಟವನ ಹೆಸರುಂಟು ತಗೊಂಡವನ ಹೆಸರುಂಟು, ನೀರು ತಂದು ಕೊಟ್ಟವನದ್ದಿಲ್ಲ. ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ಕೊರೆಯುವವರು ತುಂಬಾ ಕಮ್ಮಿ ಆದ್ರು. ಇದ್ದದ್ದರಲ್ಲಿ ಎಷ್ಟೋ ಕುಸಿದು ಬಿದ್ದಿವೆ, ಇನ್ನು ಎಷ್ಟೋ ಈಗಲೂ ಕುಡಿಯುವ ನೀರೇ ಕೊಡ್ತವೆ. ಒಂದು ಮಾತು, ಮನೆಯವರು ಜೊತೆಗಿಲ್ಲದೆ ಒಳಗೆ ಹೋಗ್ಬೇಡಿ, ಬಾವಲಿ ಇರ್ತದೆ, ಹಾವೂ ಇರ್ತದೆ, ಮಳೆಗಾಲದಲ್ಲಂತೂ ಬೇಡವೇ ಬೇಡ.

ಮಳೆಗಾಲಕ್ಕೆ ಬಂದ್ರೆ ತಾಳಮದ್ದಳೆ ಕೇಳಿ. ಮೇ ಕೊನೆಗೆ ಪತ್ತನಾಜೆ ಅಂತ ತುಳುವರ ಒಂದು ದಿನ ಉಂಟು, ಅದು ಕಳೆದ ಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ತವೆ, ಅಂದ್ರೆ ಆ ವರ್ಷದ ಆಟ ಮುಗೀತು, ಆಮೇಲೆ ಆಟಿ (ಆಷಾಢದ ಹೊತ್ತಿನ) ತಿಂಗಳ ಜಡಿಮಳೆಗೆ ದೇವಸ್ಥಾನದ ಚಾವಡಿಯಲ್ಲೋ ಯಾರದ್ದಾದ್ರೂ ಮನೆಯಲ್ಲೋ ಕೂಟ ಆಗ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳ್ತಾರೆ, ಚೆಂಡೆ ಮದ್ದಳೆ, ಪಂಚೆ ಉಟ್ಟು ಶಾಲು ಹಾಕಿದ ನಾಲ್ಕೈದು ಜನ ಎದುರು ಬದುರು ಕೂತು ಬಾಯಲ್ಲೇ ರಾಮಾಯಣ ಭಾರತ ಕಟ್ತಾರೆ. ಅರ್ಥ, ಅಂದ್ರೆ ಪದದ ಮೇಲೆ ಆಡುವ ಮಾತು, ಯಾರೂ ಬರ್ಕೊಂಡು ಬರುದಿಲ್ಲ, ಎದುರಿನವ ಕೇಳಿದ್ದಕ್ಕೆ ಅಲ್ಲಲ್ಲೇ ಉತ್ತರ ಕೊಡ್ಬೇಕು. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ಊರು ಇದು, ಅರ್ಥ ಹೇಳುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಊರೂ ಇದು. ಬ್ಯಾಂಕಿನಲ್ಲಿ ಮಲಯಾಳ, ಮನೆಯಲ್ಲಿ ತುಳು ಮಾತಾಡುವ ಮನುಷ್ಯ ಅಲ್ಲಿ ಕೂತ ಕೂಡ್ಲೇ ಹಳೇ ಕಾವ್ಯದ ಕನ್ನಡದಲ್ಲಿ ವಾಲಿಯಾಗಿ ರಾಮನನ್ನು ಪ್ರಶ್ನೆ ಕೇಳ್ತಾನೆ, ಕೇಳ್ತಾ ಕೇಳ್ತಾ ಅವನ ಪ್ಯಾಂಟು ಶರ್ಟಿನ ನೆನಪೇ ಹೋಗ್ತದೆ ನಮಗೆ. ನಾನು ಸಣ್ಣವ ಇರುವಾಗ ಅಪ್ಪನ ತೊಡೆ ಮೇಲೆ ನಿದ್ರೆ ಮಾಡ್ತಾ ಕೇಳಿದ ಪ್ರಶ್ನೆಗಳೇ ಈಗಲೂ ಬರ್ತವೆ, ಉತ್ತರ ಮಾತ್ರ ಒಂದೊಂದು ಸಲ ಹೊಸದು. ನನ್ನ ಲೆಕ್ಕದಲ್ಲಿ ನಮ್ಮ ಕಡೆ ಕನ್ನಡವನ್ನು ಶಾಲೆಗಿಂತ ಹೆಚ್ಚು ಉಳಿಸಿದ್ದು ಈ ಕೂಟಗಳೇ.

ಹೇಳ್ತಾ ಹೋದ್ರೆ ಅನಂತಪುರದ ಕೆರೆ ದೇವಸ್ಥಾನ ಉಂಟು, 2022ರಲ್ಲಿ ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ ಸತ್ತಾಗ ಇಡೀ ಊರೇ ಬಂದು ಕೈ ಮುಗಿದಿತ್ತು. ಮಧೂರು ದೇವಸ್ಥಾನ ಉಂಟು, ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಮನೆ ಉಂಟು. ಅದೆಲ್ಲ ಯಾರಾದ್ರೂ ತೋರಿಸ್ತಾರೆ.

ನನಗೆ ಚಿಂತೆ ಇರುವುದು ಆ ಕಾಗದಗಳದ್ದು. ಕಲ್ಲಿನ ಕೋಟೆಗೆ ಕಾವಲು ಉಂಟು, ತಾಳಮದ್ದಳೆಯ ವೀಡಿಯೋ ಯೂಟ್ಯೂಬಿನಲ್ಲಿ ಉಂಟು, ಆದ್ರೆ ಆ ಅಕ್ಷರ ಓದುವವರು ನಮ್ಮ ಊರಿನಲ್ಲಿ ಈಗ ಬೆರಳೆಣಿಕೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ, ಕೆಲವರಿಗೆ ಅಚ್ಚಿನ ಕನ್ನಡವೇ ಕಷ್ಟ. ಪೆಟ್ಟಿಗೆಗೆ ಒರಲೆ (ಗೆದ್ದಲು) ಹಿಡಿದ್ರೆ ಒಂದು ಮಳೆಗಾಲ ಸಾಕು. ಅದಕ್ಕೆ ನಾನೀಗ ಮಾಷ್ಟ್ರ ಹತ್ರ ಆದಿತ್ಯವಾರ ಹೋಗಿ ಓದ್ಲಿಕ್ಕೆ ಕಲೀತಾ ಇದ್ದೇನೆ, ದಿನಾಂಕ ಮತ್ತು ಚೆಕ್ಕುಬಂದಿ, ಅಂದ್ರೆ ನಾಲ್ಕು ದಿಕ್ಕಿನ ಗಡಿ, ಸಲೀಸಾಗಿ ಬರ್ತದೆ, ಷರತ್ತಿನ ಭಾಗ ಇನ್ನೂ ತಡವರಿಸ್ತದೆ. ಓದಿದ್ದನ್ನು ಎದುರಿನ ಪುಟದಲ್ಲಿ ಈಗಿನ ಅಕ್ಷರದಲ್ಲಿ ಬರ್ದು ಇಡ್ತೇನೆ.

ನೀವು ಬರುದಾದ್ರೆ ಡಿಸೆಂಬರ್ ಜನವರಿಗೆ ಬನ್ನಿ, ಸುರಂಗದಲ್ಲಿ ನೀರೂ ಇರ್ತದೆ, ಗುಡ್ಡೆಯೂ ಜಾರುದಿಲ್ಲ. ಕಾಸರಗೋಡಿನಿಂದ ಬದಿಯಡ್ಕ ಪೆರ್ಲ ಬಸ್ಸು ಸಿಗ್ತದೆ, ಬಾಯಾರಿಗಾದ್ರೆ ಉಪ್ಪಳದಲ್ಲಿ ಇಳಿದ್ರೆ ಸುಲಭ. ಯಾರ ಮನೆಯಲ್ಲಾದ್ರೂ ಹಳೇ ದಸ್ತಾವೇಜು ತೋರಿಸಿದ್ರೆ ಕೇಳದೆ ಫೋಟೋ ತೆಗೀಬೇಡಿ, ಜಾಗದ ವಿಷಯ ಅದು, ಜನ ಹೆದರ್ತಾರೆ. ಆದ್ರೆ ನಿಮ್ಮ ಅಜ್ಜನ ಮನೆಯೂ ಈ ಕಡೆಯದ್ದೇ ಆಗಿದ್ರೆ ಮೊದ್ಲು ಆ ಪೆಟ್ಟಿಗೆ ತೆಗೀರಿ, ಪ್ರತಿ ಹಾಳೆಯ ಎರಡೂ ಬದಿ ಫೋಟೋ ತೆಗೀರಿ, ರಿಜಿಸ್ಟ್ರಿಯ ನಂಬರು ಹಿಂಬದಿಯಲ್ಲೇ ಇರುದು, ಅದು ಇದ್ರೆ ಮೂಲ ಕಾಗದ ಹಾಳಾದ್ರೂ ನಕಲು ಹುಡುಕ್ಲಿಕ್ಕೆ ದಾರಿ ಉಂಟು.