ನ್ಯಾಯ ಕೇಳಿದರೆ ನಂಬಿಕೆ ಕಡಿಮೆಯಾದಂತೆಯೇ?

ಪ್ರಶ್ನೆ: ನಮ್ಮ ಯಜಮಾನರು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 19 ವರ್ಷ ರೈಟರ್ (ತೋಟದ ಲೆಕ್ಕ ಬರೆಯುವವರು) ಆಗಿದ್ದರು. ಈ ಸಲ ಕೊಯ್ಲು ಮುಗಿದ ಮೇಲೆ ಗೋದಾಮಿನ ಕಾಫಿ ತೂಕ ಕಡಿಮೆ ಬಂತು ಅಂತ ಇವರ ಮೇಲೆ ಹೊರಿಸಿದರು. ವಿಚಾರಣೆ ಇಲ್ಲ, ಪೊಲೀಸ್ ದೂರೂ ಇಲ್ಲ. ರಾಜೀನಾಮೆ ಬರೆಸಿಕೊಂಡು ತೋಟದ ಮನೆ ಬಿಡಿಸಿದರು. ಇಷ್ಟು ವರ್ಷ ದುಡಿದದ್ದಕ್ಕೆ ಕೆಲಸ ಬಿಡುವಾಗ ಕೊಡಬೇಕಾದ ಹಣ, ಗ್ರಾಚ್ಯುಟಿ, ಕೊಟ್ಟಿಲ್ಲ. ಆರೋಪ ಹೊರಿಸಿದ ಮ್ಯಾನೇಜರ್ ನಮ್ಮ ಚರ್ಚಿನವರೇ. ‘ಕ್ಷಮಿಸಿ, ದೇವರು ನೋಡಿಕೊಳ್ಳುತ್ತಾನೆ’ ಅಂತ ಚರ್ಚಿನ ಹಿರಿಯರು ಹೇಳುತ್ತಾರೆ. ಇವರು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾರೆ. ದೂರು ಕೊಟ್ಟರೆ ದೇವರನ್ನು ನಂಬದ ಹಾಗಾಗುತ್ತದೆಯೇ?

ಪ್ರಿಯ ಸಹೋದರಿ,

ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾಗದದಲ್ಲಿ ಹಣದ ಚಿಂತೆಗಿಂತ ಈ ಭಯವೇ ಜಾಸ್ತಿ ಕಾಣಿಸಿತು.

ಹಿರಿಯರು ಯೋಸೇಫನ ಕಥೆ ಹೇಳಿರಬಹುದು. ಅಣ್ಣಂದಿರೇ ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅವನನ್ನು ಕೊಂಡ ಪೋಟೀಫರನ ಹೆಂಡತಿಯ ಸುಳ್ಳಿನಿಂದ ಜೈಲು ಸೇರಿದ. ಆದರೂ ದೇವರನ್ನು ಬಿಡಲಿಲ್ಲ. ನಿಜ. ಆದರೆ ಆದಿಕಾಂಡ 40ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಜೊತೆಗೆ ಜೈಲಿನಲ್ಲಿದ್ದ, ಐಗುಪ್ತದ ರಾಜ ಫರೋಹನ ಪಾನದಾಯಕನ ಕನಸಿನ ಅರ್ಥ ಹೇಳಿದ ಮೇಲೆ ಯೋಸೇಫ ಅವನ ಹತ್ತಿರ ಬಾಯಿಬಿಟ್ಟು ಕೇಳಿಕೊಳ್ಳುತ್ತಾನೆ: ಫರೋಹನಿಗೆ ನನ್ನ ವಿಷಯ ಹೇಳು, ನನ್ನನ್ನು ಇಲ್ಲಿಂದ ಬಿಡಿಸು, ಜೈಲಿಗೆ ಹಾಕುವಂಥ ತಪ್ಪು ನಾನು ಮಾಡಿಲ್ಲ. ದೇವರನ್ನು ನಂಬಿದ್ದವನೇ ಹೀಗೆ ಕೇಳಿದ್ದು. ಆ ಮನುಷ್ಯ ಮರೆತುಬಿಟ್ಟ. ಇನ್ನೂ ಎರಡು ವರ್ಷ ಜೈಲೇ ಗತಿ. ಆಗ ಯೋಸೇಫನ ಮನಸ್ಸು ಹೇಗಿತ್ತು ಅಂತ ಬೈಬಲ್ ಒಂದು ಮಾತೂ ಹೇಳುವುದಿಲ್ಲ. ನಿಮ್ಮ ಯಜಮಾನರು ಈಗ ಆ ಎರಡು ವರ್ಷದ ಒಳಗಿದ್ದಾರೆ ಅನಿಸುತ್ತದೆ.

ಯೇಸುವಿನ ಮಾತನ್ನೂ ನೋಡಿ. ಮಹಾಯಾಜಕನ ಮುಂದೆ ಒಬ್ಬ ಆಳು ಹೊಡೆದಾಗ, ನಾನು ತಪ್ಪು ಮಾತಾಡಿದ್ದರೆ ತೋರಿಸಿಕೊಡು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದರು. ನಿಮ್ಮ ಯಜಮಾನರು ಕೇಳಬೇಕಾದ ಪ್ರಶ್ನೆಯೂ ಇದೇ ಅಲ್ವಾ?

ದೇವರಿಗೆ ಬಿಡಬೇಕಾದ್ದು ಸೇಡನ್ನು. ಮ್ಯಾನೇಜರ್ ಮನೆ ಹಾಳಾಗಲಿ ಅಂತ ಶಪಿಸುವುದು, ಅವರ ಮಕ್ಕಳ ಬಗ್ಗೆ ಊರಲ್ಲಿ ಮಾತು ಹಬ್ಬಿಸುವುದು ಸೇಡು. ದುಡಿದ ಹಣ ಕೇಳುವುದು ಬೇರೆ ವಿಷಯ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ, ಕೊಯ್ದವರ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಕಾಫಿ ನಾಡಿನ ಚರ್ಚುಗಳಲ್ಲಿ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಓದಬೇಕು.

ಇನ್ನು ಮಾಡಬೇಕಾದ ಕೆಲಸ. ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಹಕ್ಕು ಹೋಗುವುದಿಲ್ಲ. ತೋಟಗಳಿಗೂ ಈ ಕಾನೂನು ಅನ್ವಯಿಸುತ್ತದೆ. ವರ್ಷಕ್ಕೆ 15 ದಿನದ ಸಂಬಳ ಲೆಕ್ಕ, ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. ಮೂಲ ಸಂಬಳ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಇದ್ದರೆ, 19 ವರ್ಷಕ್ಕೆ ಸುಮಾರು 1 ಲಕ್ಷ 97 ಸಾವಿರ. ಇದನ್ನು 30 ದಿನದೊಳಗೆ ಕೊಡಬೇಕು. ಮೊದಲು ತೋಟಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಅರ್ಜಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಗೆ ಹೋಗಿ. ತಡ ಮಾಡಬೇಡಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ತೂಕದ ಪುಸ್ತಕ, ಕಣದಿಂದ ಗೋದಾಮಿಗೆ ಹೋದ ಮೂಟೆಗಳು, ಆಗ ಕಾಫಿ ಎಷ್ಟು ಒಣಗಿತ್ತು ಅನ್ನುವುದು, ನೆನಪಿದ್ದಷ್ಟನ್ನೂ ಅವರು ಈಗಲೇ ಬರೆದಿಡಲಿ. ಒಣಗಿದಷ್ಟೂ ಕಾಫಿಯ ತೂಕ ಇಳಿಯುತ್ತದೆ. ಅದು ಮ್ಯಾನೇಜರಿಗೂ ಗೊತ್ತು.

ಸಹೋದರನ ಮೇಲೆ ಕೋರ್ಟಿಗೆ ಹೋಗಬಾರದು ಅಂತ ಯಾರಾದರೂ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ತೋರಿಸಬಹುದು. ಅದೇ ಅಧ್ಯಾಯದಲ್ಲಿ ಪೌಲ, ಇದನ್ನು ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಅಂತ ಸಭೆಯನ್ನೇ ಕೇಳುತ್ತಾನೆ. ಹಾಗಾಗಿ ಹಿರಿಯರು ಮೊದಲು ಎರಡೂ ಕಡೆ ಕೂರಿಸಿ ಕೇಳಲಿ. ಮತ್ತಾಯ 18ರಲ್ಲಿ ಹೇಳಿರುವಂತೆ ನಿಮ್ಮವರು ಮ್ಯಾನೇಜರ್ ಜೊತೆ ಒಬ್ಬರೇ ಮಾತಾಡಲಿ. ಒಪ್ಪದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಲಿ. ಗ್ರಾಚ್ಯುಟಿ ಅರ್ಜಿಯನ್ನು ಮಾತ್ರ ಇದಕ್ಕಾಗಿ ನಿಲ್ಲಿಸಬೇಡಿ. ಅದು ತೋಟದ ಬಾಕಿ.

ಅವರನ್ನು ಚರ್ಚಿಗೆ ಬಲವಂತ ಮಾಡಬೇಡಿ. ಕ್ಷಮಿಸಿ ಅಂತ ದಿನಾ ಹೇಳಲೂ ಬೇಡಿ, ಅದಕ್ಕೆ ಸಮಯ ಬೇಕು. 13ನೇ ಕೀರ್ತನೆ ಚಿಕ್ಕದು, ‘ಎಷ್ಟರ ತನಕ’ ಅಂತ ದೇವರನ್ನೇ ಕೇಳುತ್ತದೆ. ರಾತ್ರಿ ಊಟವಾದ ಮೇಲೆ ಇಬ್ಬರೂ ಅದನ್ನು ಓದಿ. ಅವರಿಗೆ ಸಿಟ್ಟು ಬಂದರೆ ಬರಲಿ, ಆ ಸಿಟ್ಟನ್ನೂ ದೇವರ ಮುಂದೆಯೇ ಹೇಳಲಿ. ಅರ್ಜಿ ಕಳಿಸಿದ ಮೇಲೆ ಏನಾಯಿತು ಅಂತ ನನಗೆ ಖಂಡಿತ ಬರೆಯಿರಿ.